ಕಿಡ್ನಿ ಕೊಟ್ಟವರ ಫೈಲು: ವರ್ಷಾ ವರ್ಷ ನಾನು ನೋಡುವುದು ಏನೇನು

ಕಸಿ ಆದ ಮೇಲೆ ಕಿಡ್ನಿ ಪಡೆದವರ ಫೈಲು ದಪ್ಪವಾಗುತ್ತಲೇ ಹೋಗುತ್ತದೆ. ಕೊಟ್ಟವರದ್ದು ಎರಡನೇ ವರ್ಷಕ್ಕೇ ನಿಂತುಬಿಡುತ್ತದೆ. ಪಡೆದವರಿಗೆ ದಿನವೂ ಮಾತ್ರೆ ಇದೆ, ರಕ್ತದಲ್ಲಿ ಮದ್ದಿನ ಮಟ್ಟ ನೋಡಿಸಬೇಕು, ಬಾರದೆ ವಿಧಿಯಿಲ್ಲ. ಕೊಟ್ಟವರಿಗೆ ನೋವೂ ಇಲ್ಲ, ಮಾತ್ರೆಯೂ ಇಲ್ಲ. ಹಾಗಾಗಿ ಬರುವುದೂ ಇಲ್ಲ. ಆದರೆ ಅವರಿಗೆ ತೊಂದರೆ ಬರುವುದಿದ್ದರೆ ಹೆಚ್ಚಾಗಿ ಹತ್ತು-ಹದಿನೈದು ವರ್ಷ ಕಳೆದ ಮೇಲೆ, ಸದ್ದಿಲ್ಲದೆ ಬರುತ್ತದೆ. ದಾನಿಗಳ ತಪಾಸಣೆಯಲ್ಲಿ ನಾನು ಪಾಲಿಸುವ ಕ್ರಮ ಹೀಗಿದೆ.

ಮೊದಲ ಕೆಲಸ, ದಾನಿಯ ಸ್ವಂತ ಅಂಕಿಯನ್ನು ಗೊತ್ತುಮಾಡುವುದು. ಒಂದು ಕಿಡ್ನಿ ತೆಗೆದ ಕೂಡಲೇ ಸೋಸುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಉಳಿದ ಕಿಡ್ನಿಗೆ ರಕ್ತದ ಹರಿವು ಹೆಚ್ಚಿ, ಅದು ಸ್ವಲ್ಪ ದೊಡ್ಡದಾಗಿ, ಮೊದಲಿದ್ದ ಒಟ್ಟು ಶಕ್ತಿಯ 60ರಿಂದ 70 ಶೇಕಡಾದವರೆಗೆ ತುಂಬಿಕೊಡುತ್ತದೆ. ಹೊಸ ನೆಫ್ರಾನ್‌ಗಳು (ಕಿಡ್ನಿಯೊಳಗಿನ ಸೋಸುವ ಪುಟ್ಟ ಘಟಕಗಳು) ಹುಟ್ಟುವುದಿಲ್ಲ, ಇರುವವೇ ಹೆಚ್ಚು ದುಡಿಯುತ್ತವೆ. ಹೀಗಾಗಿ ಆಪರೇಷನ್‌ಗೆ ಮೊದಲು 0.8 ಇದ್ದ ಕ್ರಿಯಾಟಿನಿನ್ (ಸ್ನಾಯುಗಳಿಂದ ರಕ್ತಕ್ಕೆ ಬರುವ ಕಸ; ಕಿಡ್ನಿ ಸೋಸುವುದು ಕಡಿಮೆಯಾದರೆ ಇದು ಏರುತ್ತದೆ) ಆಮೇಲೆ 1.2ರ ಸುತ್ತ ನಿಂತರೆ ಅಚ್ಚರಿಯಿಲ್ಲ. ಆಪರೇಷನ್ ಆಗಿ ಆರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಒಮ್ಮೆ ನೋಡಿ, ಬಂದ ಅಂಕಿಯನ್ನು ಫೈಲಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯುತ್ತೇನೆ. ಮುಂದಿನ ಹೋಲಿಕೆಯೆಲ್ಲ ಅದರ ಜೊತೆಗೆ.

ಲ್ಯಾಬ್ ರಿಪೋರ್ಟಿನ 'ನಾರ್ಮಲ್' ಪಟ್ಟಿ ಇಲ್ಲಿ ಎರಡು ಕಡೆಯೂ ದಾರಿ ತಪ್ಪಿಸುತ್ತದೆ. ಒಬ್ಬ ದಾನಿಯ ರಿಪೋರ್ಟು ಐದು ವರ್ಷ 1.3, 1.4, 1.3, 1.3, 1.4 ಎಂದು ಬರುತ್ತದೆ; ಪ್ರತಿ ಸಲವೂ ಕೆಂಪು ಗುರುತು, ಕೆಳಗೆ ಇಜಿಎಫ್‌ಆರ್ (ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕಿದ ಸೋಸುವ ಶಕ್ತಿ) 58, ಮೂರನೇ ಹಂತದ ಕಿಡ್ನಿ ಕಾಯಿಲೆ ಎಂಬ ಒಕ್ಕಣೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಲ್ಲ, ಬಿಪಿ ಸರಿಯಿದೆ. ಇವರಿಗೆ ಕಾಯಿಲೆ ಇಲ್ಲ, ಇರುವುದು ಒಂದು ಕಿಡ್ನಿ. ಇನ್ನೊಬ್ಬರದ್ದು 0.9, 1.0, 1.1, 1.2. ಯಾವುದಕ್ಕೂ ಕೆಂಪು ಗುರುತಿಲ್ಲ. ನನಗೆ ಚಿಂತೆ ಇವರದ್ದೇ. ಕ್ರಿಯಾಟಿನಿನ್ ಮೂರನೇ ಒಂದು ಭಾಗ ಏರಿದೆ ಎಂದರೆ ಸೋಸುವ ಶಕ್ತಿ ನಿಜವಾಗಿ ಇಳಿಯುತ್ತಿರಬಹುದು. ಹಾಗಾಗಿ ಒಂದೇ ರಿಪೋರ್ಟು ಹಿಡಿದು ಬಂದವರನ್ನು ಹಳೆಯದೆಲ್ಲ ತರಲು ಹೇಳಿ, ಸಾಲಾಗಿ ಬರೆದು ನೋಡುತ್ತೇನೆ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಬೇಕು. ಹಿಂದಿನ ದಿನ ಕಠಿಣ ವ್ಯಾಯಾಮ ಮಾಡಿದ್ದರೆ, ಮಾಂಸ ಹೆಚ್ಚು ತಿಂದಿದ್ದರೆ, ಜಿಮ್‌ನವರು ಕೊಡುವ ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಿದ್ದರೆ ಅಂಕಿ ಸುಮ್ಮನೆ ಏರುತ್ತದೆ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಕೇಳುತ್ತೇನೆ. ಅದು ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸಿಲ್ಲ.

ಕ್ರಿಯಾಟಿನಿನ್‌ಗಿಂತ ಮೊದಲೇ ಸುಳಿವು ಕೊಡುವುದು ಹಲವು ಸಲ ಮೂತ್ರ. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಬೇಕು. ಗ್ರಾಂಗೆ 30 ಮಿಲಿಗ್ರಾಂ ಒಳಗಿದ್ದರೆ ನೆಮ್ಮದಿ. ಮೀರಿದರೆ ಆ ಒಂದೇ ರಿಪೋರ್ಟಿನ ಮೇಲೆ ಏನನ್ನೂ ಹೇಳುವುದಿಲ್ಲ. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಓಟ, ಇವೆಲ್ಲ ತಾತ್ಕಾಲಿಕವಾಗಿ ಏರಿಸುತ್ತವೆ. ಮೂರು ತಿಂಗಳಲ್ಲಿ ಇನ್ನೆರಡು ಸಲ ಮಾಡಿಸಿ, ಆಗಲೂ ಹೆಚ್ಚಿದ್ದರೆ ಕಾರಣ ಹುಡುಕಬೇಕು. ಬರೀ ಪಟ್ಟಿ ಅದ್ದಿ ನೋಡುವ ಪರೀಕ್ಷೆಗೆ ಸಣ್ಣ ಪ್ರಮಾಣದ ಆಲ್ಬುಮಿನ್ ಸಿಗುವುದಿಲ್ಲ.

ಬಿಪಿ ವಿಷಯದಲ್ಲಿ ನಾನು ಹಟಮಾರಿ. ದಾನದ ನಂತರದ 5ರಿಂದ 10 ವರ್ಷದಲ್ಲಿ ವಯಸ್ಸಿಗೆ ಸಹಜವಾಗಿ ಏರುವುದಕ್ಕಿಂತ ಸುಮಾರು 5 ಪಾಯಿಂಟ್ ಹೆಚ್ಚು ಏರಬಹುದೆಂದು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಕಂಡಿದ್ದಾರೆ. ಆಸ್ಪತ್ರೆಯಲ್ಲಿ ಅವಸರದಲ್ಲಿ ಒಮ್ಮೆ ನೋಡಿದ ಬಿಪಿ ಸಾಲದು. ಮನೆಯಲ್ಲಿ ತೋಳಿಗೆ ಕಟ್ಟುವ ಯಂತ್ರ ಇರಲಿ, ಪಟ್ಟಿ ತೋಳಿನ ಸುತ್ತಳತೆಗೆ ಸರಿಹೊಂದಬೇಕು. ಬಿಗಿಯಾದ ಚಿಕ್ಕ ಪಟ್ಟಿ ಬಿಪಿಯನ್ನು ಹೆಚ್ಚಾಗಿ ತೋರಿಸುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ತೋಳು ಎದೆಮಟ್ಟಕ್ಕೆ ಇಟ್ಟು, ಮಾತಾಡದೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಿಗ್ಗೆ, ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ದಾಟಿದರೆ ಸುಮ್ಮನೆ ಕಾಯುವುದಿಲ್ಲ. ಆಲ್ಬುಮಿನ್ ಕೂಡ ಇದ್ದರೆ 130/80ರ ಒಳಗೆ ತರಲು ಎಸಿಇ ಇನ್ಹಿಬಿಟರ್ ಅಥವಾ ಎಆರ್‌ಬಿ ಗುಂಪಿನ ಬಿಪಿ ಮಾತ್ರೆಯಿಂದ ಆರಂಭಿಸುತ್ತೇನೆ, ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಷಿಯಂ ಮತ್ತೆ ನೋಡುತ್ತೇನೆ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು.

ತೂಕ, ಸಕ್ಕರೆ, ಕೊಲೆಸ್ಟರಾಲ್ ವರ್ಷಕ್ಕೊಮ್ಮೆ. ಯೂರಿಕ್ ಆ್ಯಸಿಡ್ ಸ್ವಲ್ಪ ಏರುವುದು ಸಾಮಾನ್ಯ, ಗೌಟ್ (ಯೂರಿಕ್ ಆ್ಯಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ನೋವು) ಆಗುವ ಸಂಭವವೂ ತುಸು ಹೆಚ್ಚು. ಆ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ನುಂಗುವುದೇ ಅಪಾಯದ ದಾರಿ. ಉಳಿದ ಕಿಡ್ನಿಯ ರಕ್ತದ ಹರಿವನ್ನು ಇವು ಕುಗ್ಗಿಸುತ್ತವೆ. ವಾಂತಿ-ಭೇದಿಯಾಗಿ ದೇಹ ಒಣಗಿರುವಾಗ, ಜೊತೆಗೆ ಬಿಪಿ ಮಾತ್ರೆಯೂ ಇರುವಾಗ ಪೆಟ್ಟು ಜೋರು. ಪ್ಯಾರಾಸಿಟಮಾಲ್ ಹೇಳಿದ ಪ್ರಮಾಣದಲ್ಲಿ ಸರಿ. ವಾಂತಿ-ಭೇದಿಯ ದಿನ ಎಸಿಇ, ಎಆರ್‌ಬಿ, ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ನಿಲ್ಲಿಸುವ ಬಗ್ಗೆ ವೈದ್ಯರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ಏನಿದೆ ಎಂದು ಗೊತ್ತಿಲ್ಲದ ಬೇರು-ಪುಡಿ ಬೇಡ. ಅರಿಸ್ಟೋಲೋಕಿಕ್ ಆ್ಯಸಿಡ್ ಇರುವ ಗಿಡಗಳು ಕಿಡ್ನಿಯನ್ನು ಶಾಶ್ವತವಾಗಿ ಹಾಳುಮಾಡುತ್ತವೆ. ನೀರು ಬಾಯಾರಿಕೆಗೆ ತಕ್ಕಷ್ಟು ಸಾಕು. ಮಾಮೂಲಿ ಊಟದ ಪ್ರೋಟೀನ್ ಕಡಿತ ಮಾಡಬೇಕಿಲ್ಲ.

ಮೂತ್ರ ಒಮ್ಮೆಲೇ ನಿಂತರೆ ಮಾತ್ರ ಬೆಳಗಾಗುವವರೆಗೆ ಕಾಯಬಾರದು. ಎರಡು ಕಿಡ್ನಿ ಇದ್ದವರಲ್ಲಿ ಒಂದು ಕಡೆ ಕಲ್ಲು ಸಿಕ್ಕಿಕೊಂಡರೆ ಇನ್ನೊಂದು ನಡೆಸುತ್ತದೆ. ಇಲ್ಲಿ ಆ ಇನ್ನೊಂದು ಇಲ್ಲ.

ಗರ್ಭಿಣಿಯಾಗಲು ಬಯಸುವ ದಾನಿಗಳಿಗೆ ಅಂಕಿಅಂಶ ಮುಚ್ಚಿಡಬಾರದು. 2015ರಲ್ಲಿ ಕೆನಡಾದಿಂದ ಬಂದ ಅಧ್ಯಯನದಲ್ಲಿ ಗರ್ಭಾವಸ್ಥೆಯ ಬಿಪಿ ಅಥವಾ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ಬಿಪಿ ಏರಿ, ಹೆಚ್ಚಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ) ದಾನಿಗಳಲ್ಲಿ 11 ಶೇಕಡಾ, ದಾನ ಮಾಡದ ಆರೋಗ್ಯವಂತರಲ್ಲಿ 5 ಶೇಕಡಾ. ಹೆಚ್ಚಿನವರ ಹೆರಿಗೆ ಸುಸೂತ್ರವಾಗಿಯೇ ಆಗುತ್ತದೆ, ಆದರೆ ಬಿಪಿ ಮತ್ತು ಮೂತ್ರದ ತಪಾಸಣೆ ಬಿಗಿಯಾಗಿರಬೇಕು. ಎಸಿಇ, ಎಆರ್‌ಬಿ ಮಾತ್ರೆ ಗರ್ಭಿಣಿಯರಿಗೆ ಸಲ್ಲದು.

'ನನ್ನ ಕಿಡ್ನಿಯೂ ಹೋಗುತ್ತದೆಯೇ' ಎಂಬ ಪ್ರಶ್ನೆಗೆ ಉತ್ತರ ಯಾರ ಜೊತೆ ಹೋಲಿಸುತ್ತೇವೆ ಎಂಬುದರ ಮೇಲಿದೆ. ಅಮೆರಿಕದ 96,217 ದಾನಿಗಳನ್ನು ನೋಡಿದ 2014ರ ಅಧ್ಯಯನದಲ್ಲಿ 15 ವರ್ಷಕ್ಕೆ ಡಯಾಲಿಸಿಸ್ ಅಥವಾ ಕಸಿಯ ಹಂತ ಮುಟ್ಟಿದವರು 10,000ಕ್ಕೆ ಸುಮಾರು 31. ಅಷ್ಟೇ ಆರೋಗ್ಯವಿದ್ದೂ ದಾನ ಮಾಡದವರಲ್ಲಿ ಸುಮಾರು 4. ಇಡೀ ಜೀವಮಾನದ ಅಂದಾಜು ದಾನಿಗಳಿಗೆ 10,000ಕ್ಕೆ 90, ಸಾಮಾನ್ಯ ಜನರಿಗೆ 326. ಸಾಮಾನ್ಯ ಜನರಿಗಿಂತ ಕಡಿಮೆ ಎಂದಷ್ಟೇ ಹೇಳಿ ಕಳಿಸುವುದು ಅರ್ಧ ಸತ್ಯ. ದಾನಿಯನ್ನು ಆರಿಸಿದ್ದೇ ಆರೋಗ್ಯ ನೋಡಿ. ಇಪ್ಪತ್ತೈದರ ಹರೆಯದಲ್ಲಿ ಕೊಟ್ಟವರು, ದಪ್ಪ ಇರುವವರು, ಸ್ವಂತ ತಂದೆ-ತಾಯಿಗೋ ಅಣ್ಣ-ತಮ್ಮಂದಿರಿಗೋ ಕೊಟ್ಟವರು ನಾನು ಹೆಚ್ಚು ಗಮನ ಇಡುವವರ ಪಟ್ಟಿಯಲ್ಲಿ ಮೇಲಿರುತ್ತಾರೆ. ಇಪ್ಪತ್ತೈದರಲ್ಲಿ ಸರಿಯಿದ್ದ ಸಕ್ಕರೆ, ಬಿಪಿ ಐವತ್ತಕ್ಕೂ ಹಾಗೇ ಇರುತ್ತದೆಂದು ಯಾವ ತಪಾಸಣೆಯೂ ಹೇಳಲಾರದು.

ಕೊನೆಗೆ, ದಾನಿಯನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಬೇಕು. ಗಾಯದ ಸುತ್ತ ಜೋಮು, ಎಡಗಡೆ ಲ್ಯಾಪರೋಸ್ಕೋಪಿ ಆದ ಗಂಡಸರಲ್ಲಿ ವೃಷಣದ ನೋವು, ನಿದ್ದೆ ಬಾರದಿರುವುದು, ಇದನ್ನೆಲ್ಲ ಪಡೆದವರ ಎದುರು ಯಾರೂ ಹೇಳುವುದಿಲ್ಲ, ಅವರಿಗೆ ನೋವಾದೀತೆಂದು. ಕೊಟ್ಟ ಕಿಡ್ನಿ ಕೈಕೊಟ್ಟಿದ್ದರೆ ಅಥವಾ ಪಡೆದವರು ತೀರಿಕೊಂಡಿದ್ದರೆ ದಾನಿ ಆ ಕಾರಿಡಾರಿಗೆ ಕಾಲಿಡುವುದನ್ನೇ ಬಿಡುತ್ತಾರೆ. ಅಂಥವರಿಗೆ ಫೋನ್ ಮಾಡಿ, ಕಸಿ ವಿಭಾಗದ ಓಪಿಡಿ ಇಲ್ಲದ ದಿನ, ಬೇರೆ ಕೋಣೆಯಲ್ಲಿ ಸಮಯ ಕೊಡುತ್ತೇನೆ. ಅದಕ್ಕೂ ಬರಲಾಗದಿದ್ದರೆ ಅವರ ಹತ್ತಿರದ ವೈದ್ಯರಿಗೆ ಒಂದೇ ಪುಟದ ಪತ್ರ: ದಾನದ ದಿನಾಂಕ, ಯಾವ ಬದಿ, ಸ್ವಂತ ಕ್ರಿಯಾಟಿನಿನ್ ಅಂಕಿ, ವರ್ಷಕ್ಕೊಮ್ಮೆ ಮಾಡಿಸಬೇಕಾದ ಪರೀಕ್ಷೆಗಳು.