ಸಹೋದ್ಯೋಗಿಯ ಕೋಡಿಗೆ ನಾನು ಕಾಮೆಂಟ್ ಬರೆಯುವ ರೀತಿ

ಪುಲ್ ರಿಕ್ವೆಸ್ಟ್ (ಕೋಡಿನ ಬದಲಾವಣೆ ನೋಡಿ ಒಪ್ಪಿಕೊಳ್ಳಿ ಅನ್ನುವ ಕೋರಿಕೆ) ಬಂದಾಗ ನಾನು ಮೊದಲು ಕೋಡಿಗೆ ಕೈ ಹಾಕುವುದಿಲ್ಲ. ಈ ಬದಲಾವಣೆ ಯಾಕೆ ಬೇಕಾಯಿತು ಅಂತ ಬರೆದಿರುವುದನ್ನು ಓದಿ ನೇರ ಟೆಸ್ಟ್ ಫೈಲ್, ಅಂದರೆ ಕೋಡ್ ಸರಿಯಾಗಿ ಓಡುತ್ತದೆಯೇ ಅಂತ ಪರೀಕ್ಷಿಸುವ ಫೈಲ್, ತೆರೆಯುತ್ತೇನೆ. ಬರೆದವರು ಏನೇನು ಗ್ರಹಿಸಿಕೊಂಡಿದ್ದಾರೆ ಅನ್ನುವುದು ಅಲ್ಲಿ ಬೇಗ ಗೊತ್ತಾಗುತ್ತದೆ.

ಒಮ್ಮೆ ರಸೀದಿ ಮುದ್ರಿಸುವ ಪುಟಕ್ಕೆ ಸಹೋದ್ಯೋಗಿಯೊಬ್ಬರು ಬದಲಾವಣೆ ಕಳಿಸಿದ್ದರು. ಗ್ರಾಹಕರ ಹೆಸರು ಉದ್ದವಾದರೆ ಪಕ್ಕದ ಕಾಲಂ ಮೇಲೆ ಹರಿಯುತ್ತಿತ್ತು. ಅದಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಪಠ್ಯ ಕತ್ತರಿಸುವ ಸ್ಲೈಸ್ ಹಾಕಿ ಹೆಸರನ್ನು 10 ಚಿಹ್ನೆಗೆ ಕತ್ತರಿಸಿದ್ದರು. ಟೆಸ್ಟ್‌ಗಳೆಲ್ಲ ಪಾಸಾಗಿದ್ದವು, ಆದರೆ ಅವುಗಳಲ್ಲಿದ್ದ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದವು. ಬ್ರಾಂಚನ್ನು (ಅವರ ಬದಲಾವಣೆ ಇದ್ದ ಕೋಡಿನ ಪ್ರತಿಯನ್ನು) ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ‘ಲಕ್ಷ್ಮೀದೇವಿ’ ಅಂತ ಕೊಟ್ಟೆ. ನಮ್ಮ ಲೆಕ್ಕದಲ್ಲಿ ಅದು ನಾಲ್ಕೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಯೂನಿಕೋಡಿನಲ್ಲಿ ವ್ಯಂಜನ, ಅರ್ಧಾಕ್ಷರದ ಗುರುತು, ಸ್ವರಚಿಹ್ನೆ ಎಲ್ಲವೂ ಬೇರೆಬೇರೆಯಾಗಿ ಎಣಿಕೆಯಾಗುವುದರಿಂದ 11 ಆಗುತ್ತದೆ. ಕೊನೆಯ ಗುಡಿಸು ಬಿದ್ದುಹೋಗಿ ರಸೀದಿಯಲ್ಲಿ ‘ಲಕ್ಷ್ಮೀದೇವ’ ಅಂತ ಬಂತು. ಅಕ್ಷರ ಒಡೆದು ಕಂಡಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ಸರಿಯಾದ ಹೆಸರಿನಂತೆಯೇ ಕಾಣುತ್ತದೆ, ಬೇರೆಯವರ ಹೆಸರಿನಂತೆ. ನನಗೆ ಆತಂಕವಾದದ್ದು ಅದಕ್ಕೇ.

ಆ ಸಾಲಿನ ಕೆಳಗೆ ಹೀಗೆ ಬರೆದೆ: “ಲಕ್ಷ್ಮೀದೇವಿ ಅಂತ ಕೊಟ್ಟರೆ ಲಕ್ಷ್ಮೀದೇವ ಬರ್ತಿದೆ, ಒಮ್ಮೆ ಓಡಿಸಿ ನೋಡ್ತೀರಾ? ಕತ್ತರಿಸೋ ಬದಲು ಎರಡನೇ ಸಾಲಿಗೆ ಇಳಿಯೋಕೆ ಬಿಟ್ರೆ ಜಾಗ ಸಾಕಾಗುತ್ತಾ?” ಸ್ವಲ್ಪ ಹೊತ್ತಿಗೇ ಉತ್ತರ ಬಂತು: “ಜಾಗ ಇದೆ, ಸ್ಲೈಸ್ ತೆಗೆದುಬಿಟ್ಟೆ.” ಟೆಸ್ಟಿಗೆ ಅದೇ ಹೆಸರನ್ನು ಅವರೇ ಸೇರಿಸಿದ್ದರು. ‘ಯೂನಿಕೋಡ್ ಸರಿಯಾಗಿ ನಿಭಾಯಿಸಿಲ್ಲ’ ಅಂತ ಬರೆದಿದ್ದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಅವರಿಗೆ ತಿಳಿಯುತ್ತಿರಲಿಲ್ಲ, ಬೇಜಾರು ಮಾತ್ರ ಉಳಿಯುತ್ತಿತ್ತು. ಹಾಗಾಗಿ ದೊಡ್ಡ ಆಕ್ಷೇಪ ಎತ್ತುವಾಗ ಏನು ಕೊಟ್ಟರೆ ಏನು ಬರುತ್ತದೆ ಅನ್ನುವುದನ್ನು ತೋರಿಸಿಯೇ ಬರೆಯುತ್ತೇನೆ. ತೋರಿಸಲು ಆಗದಿದ್ದರೆ ಪ್ರಶ್ನೆಯಾಗಿ ಕೇಳುತ್ತೇನೆ. ಎಷ್ಟೋ ಸಲ ಅವರ ಉತ್ತರವೇ ಸರಿಯಾಗಿರುತ್ತದೆ.

ಸ್ಪೇಸು, ಸೆಮಿಕೋಲನ್ ವಿಷಯವನ್ನು ಕೋಡಿನ ಅಂದ ತಾವೇ ನೋಡಿಕೊಳ್ಳುವ ಟೂಲ್‌ಗಳಾದ ಪ್ರೆಟಿಯರ್, ಇಎಸ್‌ಲಿಂಟ್‌ಗೆ ಬಿಟ್ಟಿದ್ದೇನೆ. ಮನುಷ್ಯರು ಅದಕ್ಕೆ ಮಾತು ಖರ್ಚು ಮಾಡಬಾರದು. ವೇರಿಯಬಲ್ ಹೆಸರು ಇನ್ನೂ ಚೆನ್ನಾಗಿರಬಹುದಿತ್ತು ಅನ್ನಿಸಿದರೆ ‘ನಿಟ್’ (ಸಣ್ಣ ವಿಷಯ, ಕಡ್ಡಾಯವಲ್ಲ) ಅಂತ ಮೊದಲೇ ಹಾಕಿ ಬರೆಯುತ್ತೇನೆ, ಬದಲಿಸುವುದು ಬಿಡುವುದು ಅವರಿಷ್ಟ. ಹಾಗೆ ಹಾಕದಿದ್ದರೆ ಹೊಸದಾಗಿ ಸೇರಿದವರು ಪ್ರತಿ ಕಾಮೆಂಟನ್ನೂ ಆಜ್ಞೆ ಅಂದುಕೊಂಡು ಅರ್ಧ ದಿನ ಕಳೆಯುತ್ತಾರೆ.

ಫೈಲುಗಳ ಹೆಸರು ಬದಲಾವಣೆಯೂ ಲಾಜಿಕ್ ಬದಲಾವಣೆಯೂ ಒಟ್ಟಿಗೆ ದಾಖಲಿಸಿದ ಒಂದೇ ಕಮಿಟ್‌ನಲ್ಲಿ ಬೆರೆತಿದ್ದರೆ ಓದುವ ಮುಂಚೆಯೇ ಬೇರೆ ಮಾಡಿಕೊಡಿ ಅಂತ ಕೇಳುತ್ತೇನೆ. ನೂರಾರು ಸಾಲು ಸುಮ್ಮನೆ ಜಾಗ ಬದಲಿಸಿದಾಗ, ನಡುವೆ ಬದಲಾದ ಒಂದು ಷರತ್ತು ಹಳೆ-ಹೊಸ ಕೋಡಿನ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಇದರಲ್ಲಿ ಸೀನಿಯರ್, ಜೂನಿಯರ್ ಅಂತ ನಾನು ನೋಡುವುದಿಲ್ಲ.

ಒಂದೇ ವಿಷಯಕ್ಕೆ ಕಾಮೆಂಟುಗಳು ಹಿಂದೆ ಮುಂದೆ ಓಡಾಡತೊಡಗಿದರೆ ಫೋನ್ ಮಾಡಿಬಿಡುತ್ತೇನೆ. ಮಾತಾಡಿ ತೀರ್ಮಾನವಾದದ್ದನ್ನು ಆಮೇಲೆ ಅದೇ ಪುಲ್ ರಿಕ್ವೆಸ್ಟಿನಲ್ಲಿ ಎರಡು ಸಾಲಿನಲ್ಲಿ ಬರೆದಿಡುತ್ತೇನೆ, ಮುಂದೆ ಆ ಕೋಡ್ ಮುಟ್ಟುವವರಿಗೆ ಕಾರಣ ಸಿಗಲಿ ಅಂತ. ಉಳಿದದ್ದು ಬರೀ ನಿಟ್‌ಗಳಾದರೆ ಇನ್ನೊಂದು ಸುತ್ತು ಕಾಯಿಸದೆ ಆಗಲೇ ಅಪ್ರೂವ್ ಮಾಡುತ್ತೇನೆ. ಮರ್ಜ್ (ಮುಖ್ಯ ಕೋಡಿಗೆ ಸೇರಿಸುವುದು) ಯಾವಾಗ ಅನ್ನುವುದನ್ನು ಅವರೇ ನೋಡಿಕೊಳ್ಳುತ್ತಾರೆ.