ಮಳೆಗಾಲದಲ್ಲೂ ಗರಿಗರಿ ಗೆಣಸಿನ ಬಿಸ್ಕತ್ತು

ಶಿರಸಿಯ ಮಳೆಗಾಲದಲ್ಲಿ ನಾನು ಮಾಡಿದ ಗೆಣಸಿನ ಬಿಸ್ಕತ್ತು ಎರಡೇ ದಿನಕ್ಕೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತಿತ್ತು. ನಮ್ಮ ನಾಯಿ ಕರಿಯನಿಗೂ ಅದನ್ನೇ ಹಾಕುವುದು, ಹಾಗಾಗಿ ಭಯ. ಡಬ್ಬಿ ಬದಲಿಸಿದೆ, ಆಗಲಿಲ್ಲ. ತಪ್ಪಿದ್ದದ್ದು ಬೇಯಿಸುವುದರಲ್ಲಿ. ಬಿಲ್ಲೆ ದಪ್ಪ, ಹೊರಗೆ ಕೆಂಪಗಾದರೂ ಒಳಗೆ ನೀರಿನಂಶ ಹಾಗೇ ಉಳಿಯುತ್ತಿತ್ತು. ಈಗ ಬೇಯಿಸಿದ ಗೆಣಸಿಗೆ ಗೋಧಿಹಿಟ್ಟು ಗಟ್ಟಿಯಾಗಿ ಕಲಸಿ, ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗೆ ಲಟ್ಟಿಸಿ, ಓವನ್‌ನಲ್ಲಿ 180 ಡಿಗ್ರಿಗೆ 20 ನಿಮಿಷ ಬೇಯಿಸಿ, ಆಮೇಲೆ 120ಕ್ಕೆ ಇಳಿಸಿ ಇನ್ನೂ 40 ನಿಮಿಷ ಒಣಗಿಸುತ್ತೇನೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಅಲ್ವಾ?

ಕರಿಯನ ಪಾಲು ತೆಗೆದಿಟ್ಟು ಮಕ್ಕಳ ಹಿಟ್ಟಿಗೆ ಬೆಲ್ಲ, ಏಲಕ್ಕಿ ಸೇರಿಸುತ್ತೇನೆ. ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಯಾರ ಪಾಲಿಗೂ ಇಲ್ಲ. ಎರಡೂ ನಾಯಿಗೆ ವಿಷ, ಮಕ್ಕಳು ಬೀಳಿಸಿದ ಚೂರನ್ನು ಹೆಕ್ಕುವವನು ಅವನೇ. ಹೋದ ವಾರದ್ದು ಇವತ್ತೂ ಕಟುಂ ಅನ್ನುತ್ತಿದೆ.