ಹತ್ತು ಬೈ ಹನ್ನೆರಡರ ಕೋಣೆಗೆ ಯಾವ ಪ್ರೈಮ್ ಲೆನ್ಸ್?

ಜೂಮ್ ಇಲ್ಲದ ಪ್ರೈಮ್ ಲೆನ್ಸ್ ಕೊಳ್ಳುವಾಗ ಎಫ್ 1.4 ಬೇಕೋ ಎಫ್ 1.8 ಸಾಕೋ (ಎಫ್ ಅಂಕೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು) ಎಂದು ತಲೆ ಕೆಡಿಸಿಕೊಳ್ಳುವ ಮೊದಲು ನಾನು ಹಿಡಿದದ್ದು ಅಳತೆ ಟೇಪು. ನನ್ನ ಪೋರ್ಟ್ರೇಟ್ ಕೆಲಸ ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡದ ಮನೆಗಳೊಳಗೆ, ದೀಪ ಹಚ್ಚಿದ ಮೇಲೆ: ಪಡಸಾಲೆ, ಅಡುಗೆಮನೆ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಮೂಲೆ. ಹತ್ತು ಬೈ ಹನ್ನೆರಡು ಅಡಿ ಕೋಣೆಯಲ್ಲಿ ಎದುರಿನವರನ್ನು ಗೋಡೆಯಿಂದ ಎರಡಡಿ ಮುಂದೆ ಕೂರಿಸಿ, ನಾನು ಈಚೆ ಗೋಡೆಗೆ ಬೆನ್ನು ಹಚ್ಚಿ ನಿಂತರೆ ನಡುವೆ ಉಳಿಯುವುದು ಒಂಬತ್ತು ಅಡಿಗೂ ಕಡಿಮೆ.

ನನ್ನದು ನಿಕಾನ್ ಕ್ರಾಪ್ ಸೆನ್ಸರ್ ಬಾಡಿ, ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾ. ಕ್ಯಾಮೆರಾ ಲಂಬವಾಗಿ ಹಿಡಿದಾಗ, ನಿಂತ ಆಳು ಪೂರ್ತಿ ಬರಲು 35 ಮಿ.ಮೀ. ಲೆನ್ಸಿಗೆ ಸುಮಾರು 10 ಅಡಿ ಬೇಕು, 50ಕ್ಕೆ 14, 85ಕ್ಕೆ 23ರ ಮೇಲೆ. ಎದೆಯಿಂದ ಮೇಲಷ್ಟೇ ಸಾಕೆಂದರೆ 3, 4 ಮತ್ತು 7 ಅಡಿ. 3 ಅಡಿಯಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಇದಕ್ಕೆ 35 ಮಿ.ಮೀ. ಕಾರಣವಲ್ಲ, ಅಷ್ಟು ಹತ್ತಿರ ಹೋಗಿದ್ದೇ ಕಾರಣ. 85 ಹಾಕಿದರೆ ಕೋಣೆಯಲ್ಲಿ ಮುಖ, ಎದೆ ಬಿಟ್ಟು ಬೇರೇನೂ ಸಿಗದು. ಕಲ್ಯಾಣ ಮಂಟಪಕ್ಕೆ ಅದು ಸರಿ. ಹೀಗಾಗಿ 50 ಮಿ.ಮೀ. ಎಫ್ 1.8. ದುಡ್ಡು ಕೊಡುವ ಮುನ್ನ, ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನ ಜೂಮ್ ರಿಂಗನ್ನು 50ಕ್ಕೆ ತಿರುಗಿಸಿ, ಮೇಲೆ ಟೇಪ್ ಸುತ್ತಿ ಮೂರು ದಿನ ತೆಗೆದು ನೋಡಿ. ಎಲ್ಲಿ ಕಾಲು ಹಿಂದಕ್ಕೆ ಹೋಗಲು ಜಾಗ ಸಾಲದೋ ಅಲ್ಲೇ ಗೊತ್ತಾಗುತ್ತದೆ.

ಬೆಳಕಿನ ಲೆಕ್ಕ: ಒಂದೇ ಟ್ಯೂಬ್‌ಲೈಟಿನ ಕೋಣೆಯಲ್ಲಿ 1/100 ಸೆಕೆಂಡಿಗೆ ಕಿಟ್ ಲೆನ್ಸ್ ಎಫ್ 5.6ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಒರಟು) 8000 ಕೇಳಿದರೆ, ಎಫ್ 1.8ರಲ್ಲಿ 800 ಸಾಕು. ಎಫ್ 1.4ಕ್ಕೆ ಹೋದರೆ ಇನ್ನೂ ಮುಕ್ಕಾಲು ಸ್ಟಾಪಿನಷ್ಟೂ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ಉಳಿತಾಯವಿಲ್ಲ, 500ಕ್ಕೆ ಇಳಿಯುತ್ತದೆ ಅಷ್ಟೆ. ಅದಕ್ಕೆ ದುಪ್ಪಟ್ಟು ಬೆಲೆ ಕೊಡಲು ನನಗೆ ಮನಸ್ಸಾಗಲಿಲ್ಲ. ಇನ್ನು ಲಕ್ಕುಂಡಿಯ ಗುಡಿಗಳ ಒಳಗಿನ ಕತ್ತಲಿಗೆಂದು ಇಂಥ ಲೆನ್ಸ್ ಕೊಳ್ಳುವವರೂ ಇದ್ದಾರೆ. ಕಂಬ ಅಲುಗಾಡುವುದಿಲ್ಲವಲ್ಲ! ವಿಆರ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇರುವ ಕಿಟ್ ಲೆನ್ಸನ್ನೇ ಉಸಿರು ಹಿಡಿದು 1/10ರಲ್ಲಿ ಒತ್ತಿದರೆ ಆಯಿತು.

1/100 ಎಂದದ್ದಕ್ಕೆ ಕಾರಣವಿದೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದಿದ್ದರೂ 1/250 ಇಟ್ಟರೆ ಫೋಟೊದಲ್ಲಿ ಅಡ್ಡಪಟ್ಟಿ ಬೀಳುತ್ತದೆ, ಇಲ್ಲವೇ ಒಂದು ಫ್ರೇಮ್ ಬೆಳಗಿ ಮುಂದಿನದು ಮಂಕಾಗುತ್ತದೆ. 1/100ರಲ್ಲಿ ಒಂದು ಮಿನುಗು ಪೂರ್ತಿ ಒಳಗೆ ಬರುತ್ತದೆ. 1/50ರಲ್ಲಿ ಎರಡು ಬರುತ್ತವೆ, ಆದರೆ ಕೈ ನಡುಗುತ್ತದೆ.

ರೊಟ್ಟಿ ಬಡಿಯುವವರನ್ನು ತೆಗೆಯುವಾಗ ಎಫ್ 1.8ನ್ನೂ ಬಿಟ್ಟೆ. ನಾಲ್ಕೂಕಾಲು ಅಡಿ ದೂರದಿಂದ ಎಫ್ 1.8ರಲ್ಲಿ ಚೂಪಾಗಿ ಬರುವುದು ಹಿಂದೆ ಮುಂದೆ ಸೇರಿ 5 ಸೆಂ.ಮೀ. ಒಳಗೆ. ಒಂದೊಂದು ಬಡಿತಕ್ಕೂ ಅವರ ತಲೆ ಅದಕ್ಕಿಂತ ಹೆಚ್ಚು ತೂಗುತ್ತದೆ. ಮೂಗುತಿ ಚೂಪು, ಕಣ್ಣು ಮಸುಕು. ಎಫ್ 2.8, ಐಎಸ್‌ಒ 2000 ಮಾಡಿದೆ. ಒಂದೇ ಫೋಕಸ್ ಪಾಯಿಂಟನ್ನು ಹತ್ತಿರದ ಕಣ್ಣಿನ ಮೇಲೆ ಸರಿಸಿಟ್ಟೆ. ನಡುವಿನ ಪಾಯಿಂಟಿನಲ್ಲಿ ಹಿಡಿದು ಆಮೇಲೆ ಫ್ರೇಮ್ ತಿರುಗಿಸಿದರೆ ಆ ತಿರುವಿನಲ್ಲೇ ಫೋಕಸ್ ತಪ್ಪುತ್ತದೆ. ರೊಟ್ಟಿ ಎತ್ತಿ ಹಂಚಿಗೆ ಹಾಕುವ ಮುನ್ನ ಅವರು ಅರೆಗಳಿಗೆ ನಿಲ್ಲುತ್ತಾರೆ, ಒತ್ತುವುದು ಆಗ. “ಯವ್ವಾ, ಹಂಗ ಇರ್ರಿ” ಅಂದರೆ ಕೆಟ್ಟಿತು, ಮುಖ ಬಿಗಿಯುತ್ತದೆ. ಬಡಿಯುವ ಕೈ ಮಸುಕಾದರೆ ಆಗಲಿ. ಎಫ್ 2.8ರಲ್ಲಿ ಇನ್ನೊಂದು ಲಾಭವೂ ಉಂಟು. ಮೂಗುತಿಯ ಹೊಳಪಿನ ಸುತ್ತ ಏಳುವ ನೇರಳೆ ಅಂಚು ಬಹುಪಾಲು ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಿಕಾನಿನಲ್ಲಿ ಎಎಫ್-ಎಸ್ (ಫೋಕಸ್ ಮೋಟರ್ ಲೆನ್ಸಿನೊಳಗೇ ಇರುವುದು) ಎಂದು ಬರೆದದ್ದನ್ನೇ ಕೇಳಿ. ಹಳೆಯ 50 ಮಿ.ಮೀ. ಎಫ್ 1.8ಡಿ ಅಗ್ಗ, ಆದರೆ ಡಿ3500, ಡಿ5300ರಂಥ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಧಾರವಾಡದ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದನ್ನು ನೋಡದೆ ಬಿಡಬೇಡಿ. ಆಮೇಲೆ ಅಂಗಡಿಯ ಗೋಡೆ ಕ್ಯಾಲೆಂಡರನ್ನು ಟೇಬಲ್ ಮೇಲೆ ಮಲಗಿಸಿ, 45 ಡಿಗ್ರಿ ಓರೆಯಿಂದ 15ನೇ ತಾರೀಖಿಗೆ ಫೋಕಸ್ ಮಾಡಿ ಎಫ್ 1.8ರಲ್ಲಿ ಒಂದು ತೆಗೆಯಿರಿ: ಒಮ್ಮೆ ವ್ಯೂಫೈಂಡರಿನಿಂದ, ಒಮ್ಮೆ ಲೈವ್ ವ್ಯೂನಿಂದ, ಅಂದರೆ ಹಿಂದಿನ ಪರದೆಯಲ್ಲಿ ನೋಡಿ. ಲೈವ್ ವ್ಯೂನಲ್ಲಿ 15 ಚೂಪಾಗಿ, ವ್ಯೂಫೈಂಡರಿನಲ್ಲಿ 22 ಅಥವಾ 8 ಚೂಪಾಗಿ ಬಂದರೆ ಆ ಲೆನ್ಸೂ ನಿಮ್ಮ ಬಾಡಿಯೂ ಹೊಂದುವುದಿಲ್ಲ. ಈ ಚಿಕ್ಕ ಬಾಡಿಗಳಲ್ಲಿ ಅದನ್ನು ತಿದ್ದುವ ಮೆನು ಕೂಡ ಇಲ್ಲ, ಬೇರೆ ಪೀಸ್ ಕೇಳಿ.